ಅಪ್‌ಡೇಟ್: ನವೋದಯ ಪರೀಕ್ಷೆಯ ಇಂಗ್ಲಿಷ್ ಪ್ಯಾಸೇಜ್, ದಾರಿ ಸಿಕ್ಕಿತು

ಹದಿನೈದು ದಿನದ ಹಿಂದೆ ಕೇಳಿದ್ದೆ: ಇಂಗ್ಲಿಷ್ ಮೀಡಿಯಂನಲ್ಲಿ ಐದನೇ ಕ್ಲಾಸ್ ಓದುವ ಮಗಳು ನವೋದಯ ಪ್ರವೇಶ ಪರೀಕ್ಷೆ ಬರೆಯಬೇಕು, ಗಣಿತ ಚೆನ್ನಾಗಿದೆ, ಇಂಗ್ಲಿಷ್ ಪ್ಯಾಸೇಜ್‌ನಲ್ಲಿ ಮಾತ್ರ ಎಡವುತ್ತಾಳೆ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ದಿನಕ್ಕೆ ಹತ್ತು ಪದ ಬಾಯಿಪಾಠ ಮಾಡಿಸುವುದು ನಮಗೆ ಆಗಿಬರಲಿಲ್ಲ. ಸೋಮವಾರ ಕಲಿತದ್ದು ಗುರುವಾರ ಮರೆತಿರುತ್ತಿತ್ತು. ಸುಮ್ನೆ ಅಳು ಜಾಸ್ತಿ ಆಯಿತು.

ಫಲ ಕೊಟ್ಟಿದ್ದು ಗದಗದ ಟೀಚರ್ ಒಬ್ಬರ ಸಲಹೆ. ಪ್ಯಾಸೇಜ್ ಓದಿ ಮನೆಯವರಿಗೆ ಕನ್ನಡದಲ್ಲಿ ಹೇಳಲಿ, ಆಮೇಲೆ ಉತ್ತರ ಇರುವ ಸಾಲಿನ ಕೆಳಗೆ ಗೆರೆ ಎಳೆಯಲಿ ಅಂದಿದ್ದರು. ರಾತ್ರಿ ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿರುತ್ತಾರೆ, ಇವಳು ಹೇಳುತ್ತಾಳೆ. ಅಜ್ಜಿ ಬಿಡುವುದಿಲ್ಲ. “ಅಂವಾ ಪ್ಯಾಟಿಗೆ ಯಾಕ ಹೋದಾ?” ಅಂತ ಕೇಳಿದರು. ಆಗಲೇ ನನಗೆ ಗೊತ್ತಾಗಿದ್ದು, ಪದಗಳೆಲ್ಲ ಇವಳಿಗೆ ಬರುತ್ತವೆ! ಪ್ಯಾಸೇಜ್‌ನಲ್ಲಿ ರೈತ ಹೋಗಿದ್ದು ಬೀಜ ತರಲು. ಇವಳು ಗುರುತು ಹಾಕಿದ್ದು ಮೆಣಸಿನಕಾಯಿ ಮಾರಲು ಅಂತ. ಅವಳ ಮಾವ ಹುಬ್ಬಳ್ಳಿ ಎಪಿಎಂಸಿಗೆ ಹೋಗುವುದು ಅದಕ್ಕೇ ಅಲ್ವಾ? ತನಗೆ ಗೊತ್ತಿದ್ದನ್ನೇ ಬರೆಯುತ್ತಿದ್ದಳು, ಮಗು.

ಇಡೀ ಪೇಪರ್ 2 ಗಂಟೆ, 80 ಪ್ರಶ್ನೆ. ಭಾಷೆಗೆ 20 ಪ್ರಶ್ನೆ, 25 ಅಂಕ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಿಸಬೇಡಿ. ಓಎಂಆರ್ ಶೀಟ್ (ಉತ್ತರದ ವೃತ್ತಗಳಿರುವ ಹಾಳೆ) ತುಂಬುವುದು ಬಾಲ್ ಪೆನ್ನಿನಲ್ಲಿ. ನಾವು ಇಷ್ಟು ದಿನ ಪೆನ್ಸಿಲ್ ಕೊಟ್ಟು ಕೂರಿಸುತ್ತಿದ್ದೆವು, ಈಗ ಬದಲಿಸಿದ್ದೇವೆ.

ಮೊದಲು 20ಕ್ಕೆ 9 ಸರಿ ಬರುತ್ತಿತ್ತು. ಮೊನ್ನೆ ಹಳೇ ಪೇಪರ್ ಮಾಡಿಸಿದಾಗ 16 ಬಂತು. ಅಜ್ಜಿಗೇ ಮೊದಲು ಓಡಿ ಹೋಗಿ ಹೇಳಿದಳು.