ಶನಿವಾರ ಭಾನುವಾರ ಮಾತ್ರ ತೋಟಕ್ಕೆ ಹೋಗೋರು ಕೋಳಿ ಸಾಕಬಹುದಾ?

ವೀಕೆಂಡ್_ರೈತ
ಎಲ್ಲರಿಗೂ ನಮಸ್ಕಾರ. ಕನಕಪುರ ರೋಡಲ್ಲಿ ಹಾರೋಹಳ್ಳಿ ದಾಟಿ ಒಳಗಡೆ ನಮ್ದು 20 ಗುಂಟೆ ಜಾಗ ಇದೆ, ಬೋರ್ ಇದೆ, ಒಂದು ಶೀಟ್ ಮನೆ ಇದೆ, ಶುಕ್ರವಾರ ರಾತ್ರಿ ಹೋಗಿ ಭಾನುವಾರ ಸಂಜೆ ಬೆಂಗಳೂರಿಗೆ ವಾಪಸ್. ಬೆಂಡೆ, ಟೊಮೆಟೊ, ಬದನೆ, ಸೊಪ್ಪು ಹಾಕಿದೀವಿ, ಡ್ರಿಪ್ ಮಾಡ್ಸಿದೀನಿ. ಈಗ ಮಕ್ಕಳು ಕೋಳಿ ಬೇಕು ಅಂತ ಒಂದೇ ಹಠ. ಒಂದು 12 ಕೋಳಿ ಸಾಕು ನಮಗೆ. ಆದ್ರೆ ವಾರದ ದಿನ ಅಲ್ಲಿ ಯಾರೂ ಇರಲ್ಲ. ದೊಡ್ಡ ಫೀಡರ್, ನೀರಿನ ಡ್ರಮ್ ಇಟ್ಟು ಬಂದ್ರೆ 5 ದಿನ ನಡೆಯುತ್ತಾ? ಗಿರಿರಾಜ ತರ್ಲಾ ನಾಟಿ ತರ್ಲಾ? ಇನ್ನೊಂದು, ಬೆಂಡೆಕಾಯಿ ನಾವು ಹೋಗೋಷ್ಟ್ರಲ್ಲಿ ಬಲಿತು ನಾರಾಗಿರುತ್ತೆ, ವಾರ ವಾರ ಕಿತ್ತು ಬಿಸಾಕೋದೇ ಆಗಿದೆ.

ಮಾಗಡಿ_ಹೈದ
ಸಾರ್ ನೇರವಾಗ್ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ, ಬೇಡ. ಮೇವು ನೀರಿನ ಲೆಕ್ಕ ಕಷ್ಟ ಏನಿಲ್ಲ, ಮೊಟ್ಟೆ ಇಡೋ ಕೋಳಿಗೆ ದಿನಕ್ಕೆ 110-120 ಗ್ರಾಂ ಮೇವು, ಕಾಲು ಲೀಟರ್ ನೀರು, ಬೇಸಿಗೆಲಿ ನೀರು ಇನ್ನೂ ಜಾಸ್ತಿ, 12 ಕೋಳಿಗೆ 5 ದಿನಕ್ಕೆ ಏಳು ಕೆಜಿ ಮೇವು ಒಂದು ಡ್ರಮ್ ನೀರು ಅಷ್ಟೆ. ಆದ್ರೆ ಸಂಜೆ ಗೂಡಿನ ಬಾಗಿಲು ಹಾಕೋರ್ಯಾರು ಬೆಳಗ್ಗೆ ತೆಗೆಯೋರ್ಯಾರು? ಐದು ದಿನ ಒಳಗೇ ಕೂಡಿ ಹಾಕಿದ್ರೆ ಒಂದನ್ನೊಂದು ಕುಕ್ಕಿ ಪುಕ್ಕ ಕೀಳ್ತವೆ, ಬಿಟ್ರೆ ಹಗಲೊತ್ತಲ್ಲಿ ಮುಂಗುಸಿ, ರಾತ್ರಿ ಕಾಡುಬೆಕ್ಕು, ಬೀದಿ ನಾಯಿಗಂತೂ ಟೈಮೇ ಇಲ್ಲ. ಸೋಮವಾರ ಒಂದು ಕೋಳಿ ತೂಕಡಿಸ್ತಾ ನಿಂತ್ರೆ ನಿಮಗೆ ಗೊತ್ತಾಗೋದು ಶುಕ್ರವಾರ, ಕೊಕ್ಕರೆ ರೋಗ ಆಗಿದ್ರೆ ಅಷ್ಟೊತ್ತಿಗೆ ಗೂಡು ಖಾಲಿ. ಗಿಡ ಟೈಮರ್ ನಂಬ್ಕೊಂಡು ಬದುಕುತ್ತೆ, ಕೋಳಿಗೆ ದಿನಾ ಒಂದು ಕಣ್ಣು ಬೇಕು.

ವೀಕೆಂಡ್_ರೈತ
ಹೌದು ಬಾಗಿಲಿನ ವಿಷ್ಯ ಯೋಚ್ನೆನೇ ಮಾಡಿರ್ಲಿಲ್ಲ. ಗೂಡು ಗಟ್ಟಿಯಾಗಿ ಕಟ್ಟಿ ಮೆಶ್ ಹಾಕ್ಸಿದ್ರೆ?

ಮಾಗಡಿ_ಹೈದ
ಅಂಗಡಿಲಿ ಕೋಳಿ ಮೆಶ್ ಅಂತ ಕೊಡ್ತಾರಲ್ಲ ಆರು ಮೂಲೆ ಕಣ್ಣಿಂದು, ಅದು ಕೋಳಿ ಹೊರಗೆ ಹೋಗದಂಗೆ ತಡೆಯುತ್ತೆ, ನಾಯಿ ಹಲ್ಲಿಗೆ ತಡೆಯಲ್ಲ, ಮರಿ ಮುಂಗುಸಿ ತೂರ್ಕೊಂಡ್ ಬರುತ್ತೆ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕ್ಸಿ, ಬುಡದಲ್ಲಿ ಒಂದಡಿ ಮಣ್ಣೊಳಗೆ ಹೂಳ್ಸಿ. ಆದ್ರೂ ನಾನ್ ಹೇಳಿದ್ ಮಾತು ಅದೇ.

ಸಕಲೇಶಪುರದ_ಸೊಸೆ
ಬೇಡ ಅಂತ ಯಾಕ್ ಹೇಳ್ತೀರಾ, ಪಾಲಿಗೆ ಕೊಡ್ಲಿ. ನಮ್ ಕಡೆ ಹಸು ಕುರಿ ಎಲ್ಲ ಪಾಲಿಗೆ ಕೊಡೋದು ಮೊದ್ಲಿಂದ ಇದೆ, ಕೋಳಿನೂ ಹಂಗೇ. ಅಣ್ಣ, ನಿಮ್ ತೋಟದ ಪಕ್ಕ ಮನೆ ಮಾಡ್ಕೊಂಡಿರೋರು ಯಾರಾದ್ರೂ ಇದ್ರೆ ಕೇಳಿ, ಕೋಳಿ ನಿಮ್ದು, ಸಾಕೋದು ಅವ್ರು, ಮೊಟ್ಟೆ ಮರಿ ಅರ್ಧ ಅರ್ಧ. ಹಂಗ್ ಕೊಡೋದಾದ್ರೆ ನಾಟಿನೇ ತಗೊಳ್ಳಿ. ಗಿರಿರಾಜ ನಮ್ ಬೆಂಗ್ಳೂರಿನ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲೇ ಮಾಡಿದ್ ತಳಿ, ನಾಟಿಗಿಂತ ಡಬಲ್ ಮೊಟ್ಟೆ ಇಡುತ್ತೆ ಸುಳ್ಳಲ್ಲ, ಆದ್ರೆ ಕಾವಿಗೆ ಕೂರೋದು ಕಮ್ಮಿ, ಮೈ ಭಾರ, ನಾಯಿ ಅಟ್ಟಿಸ್ಕೊಂಡ್ ಬಂದ್ರೆ ಹಾರೋಕಾಗಲ್ಲ. ನಾಟಿ ಹೇಟೆ ತಾನೇ ಕಾವ್ ಕೂತು ಮರಿ ಮಾಡ್ಕೊಂಡು ಮರಿಗೆ ಹದ್ದು ಬಂದ್ರೆ ರೆಕ್ಕೆ ಕೆಳಗೆ ಎಳ್ಕೊಂಡು ಎಲ್ಲ ನೋಡ್ಕೊಳುತ್ತೆ. ಒಂದು ದಿನದ ಮರಿ ಮಾತ್ರ ತರ್ಬೇಡಿ, ಬಲ್ಬ್ ಹಾಕಿ ಶಾಖ ಕೊಡ್ಬೇಕು ಅದು ನಿಮ್ ಕೈಲಾಗಲ್ಲ, ಆರು ವಾರ ಆಗಿರೋ ಲಸಿಕೆ ಹಾಕಿರೋ ಮರಿ ತನ್ನಿ. ಎಂಟನೇ ವಾರ ಕೊಕ್ಕರೆ ರೋಗಕ್ಕೆ ಇನ್ನೊಂದು ಇಂಜೆಕ್ಷನ್ ಇದೆ, ಆ ಬಾಟ್ಲಿ 100 ಕೋಳಿ ಲೆಕ್ಕದಲ್ಲಿ ಬರುತ್ತೆ, ಒಡೆದ್ ಮೇಲೆ ಎತ್ತಿಡೋ ಹಂಗಿಲ್ಲ, ಅದಕ್ಕೆ ಸುತ್ತಮುತ್ತ ಮನೆಯವ್ರ್ ಕೋಳಿನೂ ಸೇರಿಸಿ ಒಂದೇ ದಿನ ಹಾಕ್ಸಿಬಿಡಿ, ಐಸ್ ಇಟ್ಕೊಂಡ್ ತರೋದ್ ಮರೀಬೇಡಿ.

ಧಾರವಾಡ_ಮಂದಿ
ಬೆಂಡಿಕಾಯಿ ಬಗ್ಗೆ ಯಾರೂ ಹೇಳವಲ್ರು. ಸರ, ಬೆಂಡಿ ವಾರಕ್ಕೊಮ್ಮೆ ಬರೋರಿಗೆ ಅಲ್ರಿ. ಹೂ ಬಿಟ್ಟ ಐದಾರ ದಿನಕ್ಕ ಹರೀಬೇಕು, ದಿನಾ ಬಿಟ್ಟ ದಿನಾ ಹರಿಯೂದ ಅದು. ಬಲಿಯಾಕ ಬಿಟ್ರ ಬರೇ ಆ ಕಾಯಿ ಹಾಳಾಗೂದಷ್ಟ ಅಲ್ಲ, ಗಿಡ ಬೀಜಾ ಮಾಡೂದ್ರಾಗ ಬಿದ್ದು ಹೊಸಾ ಕಾಯಿನೂ ಕಮ್ಮಿ ಮಾಡ್ತೈತಿ. ಸೌತಿ, ಚವಳಿಕಾಯಿ, ಹೀರಿಕಾಯಿ ಇವೂ ಅದ ಜಾತಿ. ನಿಮ್ಮ ಸಲುವಾಗಿ ಕಾಯಾಕ ತಯಾರ ಇರೂವಂಥವು ಹಾಕ್ರಿ: ಬದನಿ, ಮೆಣಸಿನಕಾಯಿ, ಕುಂಬಳ, ಗೆಣಸು, ನುಗ್ಗಿ, ಬಸಳಿ. ಮೆಣಸಿನಕಾಯಿ ಹಸೀದು ಹರೀಲಿಲ್ಲ ಅಂದ್ರ ಹಣ್ಣಾಕ್ಕೈತಿ, ಒಣಗಿಸಿದ್ರಾತು. ಕುಂಬಳಕಾಯಿ ತಿಂಗಳಗಟ್ಲೆ ಮೂಲ್ಯಾಗ ಕುಂದರ್ತೈತಿ. ಟೊಮೆಟೊ ಬಣ್ಣ ತಿರುಗೂದ್ ಕಂಡ ಕೂಡ್ಲೆ ಹರಕೊಂಡು ಹೋಗ್ರಿ, ಮನ್ಯಾಗ ಹಣ್ಣಾಗ್ತಾವು, ಗಿಡದಾಗ ಬಿಟ್ರ ನಿಮ್ಮ ಕಡೆ ನವಿಲು ಬಿಡೂದಿಲ್ಲ, ಅದನ್ನ ಮುಟ್ಟಾಕೂ ಕಾನೂನು ಬಿಡೂದಿಲ್ಲ. ಮ್ಯಾಲೆ ನೆಟ್ ಹೊಚ್ಚ್ರಿ.

ಕೋಳಿ ಗೊಬ್ಬರ ಬಂದ್ರ ಹಸೀದು ಗಿಡದ ಬುಡಕ್ಕ ಹಾಕಬ್ಯಾಡ್ರಿ, ಬೇರು ಸುಡ್ತೈತಿ, ಎರಡ್ ಮೂರ್ ತಿಂಗಳು ಎಲಿ ತರಗಿನ ಜೋಡಿ ಕೊಳಿಸಿ ಹಾಕ್ರಿ. ಮತ್ತ ಕೋಳಿನ್ನ ಬೆಳಿ ಇದ್ದ ಮಡ್ಯಾಗ ಬಿಟ್ರೀ ಅಂದ್ರ ಸಸಿ ಎಲ್ಲಾ ಕೆದರಿ ಒಗೀತಾವು, ಬೆಳಿ ಮುಗದ ಮಡ್ಯಾಗ ಬಿಡ್ರಿ, ಹುಳಾ ತಿಂದು ಸ್ವಚ್ಛ ಮಾಡ್ತಾವು.

ವೀಕೆಂಡ್_ರೈತ
ಎಲ್ಲರಿಗೂ ಥ್ಯಾಂಕ್ಸ್. ಬೆಂಡೆ ಕಿತ್ತು ಬದನೆ ಮೆಣಸಿನಕಾಯಿ ಜಾಸ್ತಿ ಹಾಕ್ತೀನಿ. ಪಕ್ಕದ ತೋಟದಲ್ಲಿ ಒಬ್ರು ಅಜ್ಜಿ ಇದಾರೆ, ಅವ್ರಿಗೇ ಒಂದೆರಡು ಕೋಳಿ ಇದೆ, ನಮ್ಮ ಹುಡುಗ್ರನ್ನ ಕಂಡ್ರೆ ತುಂಬಾ ಪ್ರೀತಿ. ಅವ್ರಿಗೆ ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಡ್ಬೇಕಾ? ಗೂಡು ನಮ್ ಶೀಟ್ ಮನೆ ಹಿಂದೆ ಕಟ್ಟಿಸೋಣ ಅಂತಿದೀನಿ.

ಸಕಲೇಶಪುರದ_ಸೊಸೆ
ಸಂಬಳ ಅಂದ್ರೆ ಅಜ್ಜಿ ಮುಖ ಸಣ್ಣಗಾಗುತ್ತೆ ಕಣಣ್ಣ. ಜೋಳ, ನುಚ್ಚು ಮೂಟೆ ನೀವ್ ತಂದ್ ಹಾಕಿ, ಲಸಿಕೆ ಖರ್ಚು ನಿಮ್ದು, ಹಬ್ಬಕ್ಕೊಂದು ಸೀರೆ. ಬೂಷ್ಟು ಹಿಡಿದಿರೋ ಜೋಳ ಅಗ್ಗ ಅಂತ ತರ್ಬೇಡಿ, ವಿಷ ಅದು ಕೋಳಿಗೆ.

ಮಾಗಡಿ_ಹೈದ
ಅಜ್ಜಿ ಒಪ್ಪಿದ್ರೆ ನಂದೇನ್ ತಕರಾರಿಲ್ಲ ಸಾರ್. ಆದ್ರೆ ಗೂಡು ನಿಮ್ ಶೀಟ್ ಮನೆ ಹಿಂದೆ ಬೇಡ, ಅಜ್ಜಿ ಮಲಗೋ ಕಡೆಗೆ ಕಟ್ಸಿ, ರಾತ್ರಿ ಕೋಳಿ ಕೂಗಿದ್ರೆ ಅವ್ರಿಗೆ ಕೇಳ್ಬೇಕು. ಮತ್ತೆ ವಾರ ವಾರ ಹೋಗಿ ಮೊಟ್ಟೆ ಎಷ್ಟಾಯ್ತು ಅಂತ ಲೆಕ್ಕ ಮಾತ್ರ ಕೇಳ್ಬೇಡಿ, ಕೊಟ್ಟಷ್ಟು ತಗೊಂಡ್ ಬನ್ನಿ.