ದೇವರನ್ನು ಹುಡುಕಿ ಬಂದ ಸಿನಿಮಾ ನಾಯಕ: ಸಾಧಕನೋ, ಆರ್ತನೋ?

ಗೆಳೆಯರೇ,

ನೆಮ್ಮದಿಗೆಂದೋ ಗುರುವನ್ನು ಹುಡುಕಿಕೊಂಡೋ ಭಾರತಕ್ಕೆ ಬರುವ ಪಾತ್ರಗಳು ಪಾಶ್ಚಾತ್ಯ ಸಿನಿಮಾಗಳಲ್ಲಿ ಬೇಕಾದಷ್ಟಿವೆ. ಅವುಗಳ ಬಗ್ಗೆ ಒಂದು ಲೇಖನ ಬರೆಯುತ್ತಾ ಒಂದು ಪದಕ್ಕೆ ಸಿಕ್ಕಿಬಿದ್ದಿದ್ದೇನೆ. ಇಂಗ್ಲಿಷಿನಲ್ಲಿ ಇವರಿಗೆಲ್ಲ 'ಸೀಕರ್' ಅಂದರೆ ಮುಗಿಯಿತು. ಕನ್ನಡದಲ್ಲಿ ಏನನ್ನೋಣ? 'ಹುಡುಕಾಟ' ಆ ಕೆಲಸಕ್ಕೇನೋ ಚೆನ್ನಾಗಿ ಒಪ್ಪುತ್ತದೆ. ಹುಡುಕುವ ಮನುಷ್ಯನಿಗೆ ಹೆಸರಿಡುವುದೇ ಕಷ್ಟ.

'ಸಾಧಕ' ಮೊದಲು ಹೊಳೆಯಿತು. ಆದರೆ ಈಗಿನ ಪತ್ರಿಕೆಗಳಲ್ಲಿ ಸಾಧಕರು ಅಂದರೆ ಶಾಲು, ಹಾರ ಹಾಕಿಸಿಕೊಂಡು ಸನ್ಮಾನ ಪಡೆಯುವವರು. 'ಯಾತ್ರಿಕ'ನಿಗೆ ಕಾಶಿಗೋ ಕೇದಾರಕ್ಕೋ ಎಂದು ಹೋಗುವ ಜಾಗ ಗೊತ್ತಿರುತ್ತದೆ. ಇವರಿಗೆ ಗೊತ್ತಿಲ್ಲದಿರುವುದೇ ಅದು. 'ಮುಮುಕ್ಷು', ಅಂದರೆ ಮೋಕ್ಷ ಬಯಸುವವನು, ಇನ್ನೂ ದೂರ. ವೇದಾಂತ ಹೇಳುವ ನಾಲ್ಕು ಅರ್ಹತೆಗಳಲ್ಲಿ (ಸಾಧನ ಚತುಷ್ಟಯ) ವಿವೇಕ, ವೈರಾಗ್ಯ, ಮನಸ್ಸು-ಇಂದ್ರಿಯಗಳನ್ನು ಹಿಡಿತದಲ್ಲಿಡುವ ಶಮದಮಗಳ ನಂತರವೇ ಮುಮುಕ್ಷುತ್ವದ ಸರದಿ. 2010ರ 'ಈಟ್ ಪ್ರೇ ಲವ್' ನಾಯಕಿಯನ್ನೇ ನೋಡಿ. ಇಟಲಿಯಲ್ಲಿ ಹೊಟ್ಟೆತುಂಬ ಉಂಡು, ಭಾರತದ ಆಶ್ರಮದಲ್ಲಿ ಧ್ಯಾನಕ್ಕೆ ಕೂತು, ಬಾಲಿಯಲ್ಲಿ ಪ್ರೀತಿಗೆ ಬೀಳುತ್ತಾಳೆ. ಮದುವೆ ಮುರಿದವಳಿಗೆ ಮತ್ತೆ ಬದುಕುವ ಆಸೆ ಬೇಕಿತ್ತು, ಮೋಕ್ಷ ಅಲ್ಲ. ಅದರಲ್ಲಿ ತಪ್ಪೇನೂ ಇಲ್ಲ, ಮುಮುಕ್ಷು ಅನ್ನಲಾಗದು ಅಷ್ಟೆ.

ಆಗ ಗೀತೆಯ 7ನೇ ಅಧ್ಯಾಯದ 16ನೇ ಶ್ಲೋಕ ನೆನಪಾಯಿತು. ತನ್ನನ್ನು ಭಜಿಸುವವರು ನಾಲ್ಕು ಬಗೆ ಅನ್ನುತ್ತಾನೆ ಕೃಷ್ಣ: ಆರ್ತ, ಜಿಜ್ಞಾಸು, ಅರ್ಥಾರ್ಥಿ, ಜ್ಞಾನಿ. ಆರ್ತ ಅಂದರೆ ನೊಂದವನು, ಸಂಕಟಕ್ಕೆ ಸಿಕ್ಕವನು. ಸಿನಿಮಾದ ಈ ಪ್ರವಾಸಿಗರಲ್ಲಿ ಹೆಚ್ಚಿನವರು ಇವರೇ ಅಲ್ವಾ? 2007ರ 'ದಿ ಡಾರ್ಜಿಲಿಂಗ್ ಲಿಮಿಟೆಡ್'ನಲ್ಲಿ ಅಪ್ಪನನ್ನು ಕಳೆದುಕೊಂಡ ಮೂವರು ಅಣ್ಣತಮ್ಮಂದಿರು ರೈಲು ಹತ್ತುತ್ತಾರೆ. ದೊಡ್ಡವನು ಯಾವಾಗ ಎಲ್ಲಿಗೆ ಹೋಗಬೇಕು, ಯಾವ ವಿಧಿ ಮಾಡಬೇಕು ಎಂದು ವೇಳಾಪಟ್ಟಿಯನ್ನೇ ಮಾಡಿಸಿಕೊಂಡಿರುತ್ತಾನೆ. ಅದ್ಯಾವುದೂ ಅವರಿಗೆ ಅಷ್ಟಾಗಿ ತಟ್ಟುವುದಿಲ್ಲ. ಪಟ್ಟಿಯಲ್ಲೇ ಇಲ್ಲದ ಒಂದು ಹಳ್ಳಿಯಲ್ಲಿ ಪುಟ್ಟ ಹುಡುಗನ ಅಂತ್ಯಕ್ರಿಯೆಗೆ ನಿಂತಾಗ ಅಪ್ಪನ ಸಾವು ನಿಜವಾಗಿ ಎದುರಾಗುತ್ತದೆ. ಅವರನ್ನು ಆರ್ತರು ಅಂದರೆ ಪೂರ್ತಿ ಒಪ್ಪುತ್ತದೆ. ಆದರೆ 'ಆರ್ತನಾದ' ಬಿಟ್ಟರೆ ಈ ಪದವನ್ನು ಈಗ ಯಾರು ಬಳಸುತ್ತಾರೆ?

'ಜಿಜ್ಞಾಸು'ಗೂ ಉದಾಹರಣೆ ಉಂಟು. 1946ರಲ್ಲಿ ಬಂದ 'ದಿ ರೇಜರ್ಸ್ ಎಡ್ಜ್' ನಾಯಕ ಮೊದಲ ಮಹಾಯುದ್ಧದಿಂದ ಮರಳಿದವನು. ಅವನಿಗೂ ನೋವಿದೆ. ಆದರೆ ಅದು ಪ್ರಶ್ನೆಯಾಗಿ ಅವನನ್ನು ಭಾರತದವರೆಗೂ ಎಳೆದು ತರುತ್ತದೆ. ಮೂಲ ಕಾದಂಬರಿ ಬರೆದ ಸಾಮರ್‌ಸೆಟ್ ಮಾಮ್ 1938ರಲ್ಲಿ ತಿರುವಣ್ಣಾಮಲೈಗೆ ಹೋಗಿ ರಮಣ ಮಹರ್ಷಿಗಳನ್ನು ಕಂಡಿದ್ದರು. ಇಲ್ಲಿ ತೊಡಕು ಬೇರೆ. ಬ್ರಹ್ಮಸೂತ್ರ ಶುರುವಾಗುವುದೇ 'ಅಥಾತೋ ಬ್ರಹ್ಮಜಿಜ್ಞಾಸಾ' ಎಂದು. ಅಲ್ಲಿ ಅದು ತಿಳಿಯುವ ಬಯಕೆ. ನಾವೋ 'ಜಿಜ್ಞಾಸೆಗೆ ಬಿದ್ದ' ಅಂದರೆ ಏನು ಮಾಡಬೇಕೋ ತೋಚದೆ ಕೂತ ಎಂದುಕೊಳ್ಳುತ್ತೇವೆ.

ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಲೂ ಆಗುವುದಿಲ್ಲ. 1969ರ 'ದಿ ಗುರು'ವಿನಲ್ಲಿ ಇಂಗ್ಲೆಂಡಿನ ಪಾಪ್ ಗಾಯಕ ಬರುವುದು ಉಸ್ತಾದರ ಹತ್ತಿರ ಸಿತಾರ್ ಕಲಿಯಲು. ಅವನು ಸುಮ್ನೆ ಶಿಷ್ಯ. 1999ರ 'ಹೋಲಿ ಸ್ಮೋಕ್' ಹುಡುಗಿ ನಿಜಕ್ಕೂ ಒಬ್ಬ ಗುರುವಿಗೆ ಮನಸೋತವಳು. ಮನೆಯವರು ಅವಳನ್ನು ಆಸ್ಟ್ರೇಲಿಯಾಕ್ಕೆ ವಾಪಸ್ ಕರೆಸಿ, ಆ ನಂಬಿಕೆ ಬಿಡಿಸಲು ಒಬ್ಬನನ್ನು ಗೊತ್ತುಮಾಡುತ್ತಾರೆ. ಅವಳಿಗೆ 'ಭಕ್ತೆ' ಸಾಕು. (ಅವನ ಕೆಲಸಕ್ಕೆ 'ಮರುಳು ಬಿಡಿಸುವವನು' ಅನ್ನಬಹುದೇನೋ. ಆದರೆ ಹಾಗಂದರೆ ಅವಳಿಗೆ ಹಿಡಿದದ್ದು ಮರುಳು ಎಂದು ನಾವೇ ತೀರ್ಪು ಕೊಟ್ಟಂತೆ.)

'ಅರಸುಗ' ಎಂದು ಹೊಸದಾಗಿ ಕಟ್ಟೋಣ ಅಂದರೆ ಓದುವವರ ಕಣ್ಣಿಗೆ ಮೊದಲು ರಾಜನೇ ಕಾಣುತ್ತಾನೆ. 'ಅನ್ವೇಷಕ' ಅಂದರೆ ಪ್ರಯೋಗಾಲಯದ ವಾಸನೆ. ಸದ್ಯಕ್ಕೆ 'ನೆಮ್ಮದಿ ಅರಸಿ ಬಂದವರು' ಎಂದು ಬಿಡಿಸಿಯೇ ಬರೆಯುತ್ತಿದ್ದೇನೆ. ಪ್ರತಿ ಪ್ಯಾರಾದಲ್ಲೂ ಅಷ್ಟುದ್ದ ಬರೆಯುವುದು ಹಿಂಸೆ.

ಬಲ್ಲವರಲ್ಲಿ ಎರಡು ಪ್ರಶ್ನೆ. 'ಆರ್ತ'ವನ್ನು ಒಮ್ಮೆ ವಿವರಿಸಿ ಮುಂದೆ ಹಾಗೇ ಬಳಸಿದರೆ ಓದುಗರು ಒಪ್ಪುತ್ತಾರಾ? ಹಿಪ್ಪಿಗಳ ಕಾಲದ ಕನ್ನಡ ಸಿನಿಮಾ ವಿಮರ್ಶೆಗಳಲ್ಲಿ ಇಂಥ ಪಾತ್ರಗಳನ್ನು 'ಹಿಪ್ಪಿ' ಬಿಟ್ಟು ಬೇರೆ ಯಾವ ಹೆಸರಿನಿಂದಾದರೂ ಕರೆದದ್ದು ಯಾರಿಗಾದರೂ ನೆನಪಿದೆಯಾ?