ಅಪ್‌ಡೇಟ್: ಟೊಮೆಟೊ ಬಿಡಿಸುವವರ ಸಂಘದ ಬಗ್ಗೆ

ಕೋಲಾರದ ಸುತ್ತಮುತ್ತ ಟೊಮೆಟೊ ತೋಟಗಳಿಗೆ ದಿನಗೂಲಿಗೆ ಹೋಗುವ ನಾವು ಹನ್ನೊಂದು ಹೆಂಗಸರು ಸಂಘ ಕಟ್ಟಿಕೊಳ್ಳಬಹುದೇ, ಒಂದೇ ಸಾಲಿನಲ್ಲಿ ಹಣ್ಣು ಬಿಡಿಸುವ ಗಂಡಸರಿಗಿಂತ ನಮಗೆ ಕಡಿಮೆ ಕೂಲಿ ಕೊಡುವುದು ಸರಿಯೇ ಎಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಕಾರ್ಮಿಕ ಸಂಘ ನೋಂದಾಯಿಸಲು ಏಳು ಜನರ ಸಹಿಯಿದ್ದರೆ ಸಾಕೆಂದು ನಾನು ನಂಬಿದ್ದೆ. ಸಹಿಗೆ ಏಳು ಜನ ಸಾಕಾದರೂ, ಆ ಉದ್ಯಮದಲ್ಲಿ ದುಡಿಯುವವರ ಪೈಕಿ ಶೇ 10 ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕೆಂಬ ಷರತ್ತೂ ಇದೆ. ದಿನಕ್ಕೊಂದು ತೋಟಕ್ಕೆ ಹೋಗುವ ನಮಗೆ ನೂರು ಹೆಸರು ಸೇರಿಸುವುದೇ ಕ್ಷೇಮವೆಂದು ವಕೀಲರು ಹೇಳಿದರು. ಸದ್ಯಕ್ಕೆ ಅಕ್ಕಪಕ್ಕದ ಊರುಗಳೂ ಸೇರಿ ನಲವತ್ಮೂರಾಗಿದೆ.

ಕೂಲಿಯ ವಿಷಯ ಬೇಗ ಇತ್ಯರ್ಥವಾಯಿತು. ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬ ನಿಯಮ 1976ರ ಸಮಾನ ವೇತನ ಕಾಯ್ದೆಯಲ್ಲೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಆದರೆ ಮೇಸ್ತ್ರಿಯ ಬಾಯಿ ಮುಚ್ಚಿಸಿದ್ದು ಕಾನೂನಿಗಿಂತ ನಮ್ಮ ನೋಟ್‌ಬುಕ್: ಯಾರು ಯಾವ ದಿನ ಹದಿನೈದು ಕಿಲೋದ ಎಷ್ಟು ಬಾಕ್ಸ್ ತುಂಬಿದರೆಂದು ಮಗಳ ಹಳೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೆವು. ಹೋದ ಸೋಮವಾರದಿಂದ ಕೂಲಿ ಸಮನಾಗಿದೆ. ಹಳೆಯ ಬಾಕಿಯನ್ನು ಮಾತ್ರ ಇನ್ನೂ ಕೊಟ್ಟಿಲ್ಲ; ಅದಕ್ಕಾಗಿ ಕಾರ್ಮಿಕ ಇಲಾಖೆಗೆ ಅರ್ಜಿ ಬರೆಸುತ್ತಿದ್ದೇವೆ.